ಸುಂಕದವನ ಮುಂದೆ

ಕಡತದ ಮೇಲೆ ವಿಷಯ ಹೀಗಿತ್ತು:
ಒಣಕಸ ಘಟಕದ ಹೊಸ ಯಂತ್ರೋಪಕರಣಕ್ಕೆ
ಐದು ವರ್ಷ ತೆರಿಗೆ ವಿನಾಯಿತಿ ಕೋರಿ.
ಕೆಂಪು ದಾರ, ಮೂರು ಟಿಪ್ಪಣಿ, ಯಾರದೋ ಚಹಾ ಲೋಟದ ಬಳೆಗುರುತು.
ಹದಿನಾಲ್ಕನೇ ಕಲಂ ಖಾಲಿ.
'ಉದ್ಯೋಗಿಗಳ ಸಂಖ್ಯೆ: ಸ್ಥಳ ಪರಿಶೀಲಿಸಿ ಬರೆಯುವುದು.'

ಹಾಗಾಗಿ ಹೋದೆ,
ಮಾರ್ಚ್ ಕೊನೆ, ಮಟಮಟ ಮಧ್ಯಾಹ್ನ,
ಬಳ್ಳಾರಿಯ ಗುಡ್ಡ ಹಂಚಿನ ಹಾಗೆ ಕಾದು
ಊರನ್ನು ಎರಡೂ ಮಗ್ಗುಲು ಬೇಯಿಸುವ ಹೊತ್ತು.
ಸ್ಕೂಟರಿನ ಸೀಟಿನ ಮೇಲೆ ಅದಿರಿನ ಧೂಳು.
ಒರೆಸಿದ ಕರವಸ್ತ್ರ ಒಗೆದರೂ ಇನ್ನೂ ಕೆಂಪು.

ಶೆಡ್ಡಿನೊಳಗೆ ಇನ್ನೊಂದು ಗುಡ್ಡ, ನೀಲಿಯದು.
ಕೌಲ್ ಬಜಾರಿನ ಹೊಲಿಗೆ ಮನೆಗಳು ಉಗುಳಿದ
ಜೀನ್ಸಿನ ಚೂರು:
ಕಾಲು ಕಾಣದ ಮೊಣಕಾಲು,
ಸೊಂಟ ಸಿಗದ ಸೊಂಟಪಟ್ಟಿ,
ಯಾರ ಕೈಯೂ ಇಳಿಯದ ಜೇಬು.
ಪಕ್ಕದಲ್ಲಿ ಹಾಲಿನ ಪೊಟ್ಟಣ, ರಟ್ಟು,
ಒಗ್ಗರಣೆ ಮಿರ್ಚಿ ಕಟ್ಟಿಕೊಟ್ಟ ಎಣ್ಣೆಗಾಗದ.

ಮೂಲೆಯಲ್ಲಿ ಹಳೇ ಒತ್ತುಯಂತ್ರ.
ಗಡಿಲಿಂಗನ ಎರಡು ಬೆರಳು ತಿಂದದ್ದು ಅದೇ.
"ಅಗಿತೈತೆ ಸಾರ್, ನುಂಗಲ್ಲ" ಅಂದ ಅವನು,
ಉಳಿದ ಮೂರರಿಂದ ಅದರ ಬೆನ್ನು ತಟ್ಟಿ,
ಮುದಿ ಎತ್ತಿಗೆ ತಟ್ಟುವಂತೆ.

ಗುತ್ತಿಗೆದಾರನ ಪುಸ್ತಕದಲ್ಲಿ ನಾಲ್ಕು ಹೆಸರು.
ನಾನೆಣಿಸಿದ್ದು ಹನ್ನೊಂದು ತಲೆ,
ಮತ್ತೊಮ್ಮೆ ಎಣಿಸಿದರೆ ಹನ್ನೆರಡು:
ಟಿವಿ ಡಬ್ಬಿಯ ರಟ್ಟಿನಲ್ಲಿ ಒಂದು ಮಲಗಿತ್ತು,
ಬಾಯಲ್ಲಿ ಬೆರಳು.

ಹಿರಿಯಳೊಬ್ಬಳು ಎದ್ದು ಬಂದಳು. ಹೆಸರು?
"ಸುಂಕಲಮ್ಮ."
ನಗು ತಡೆದೆ. ಅವಳಿಗೆ ತಿಳಿಯಿತು.
"ನಮ್ಮವ್ವ ದೇವ್ರ ಹೆಸರಿಟ್ಟಿದ್ದು,
ನೀವು ಸರ್ಕಾರದ್ದು ಅನ್ಕಂಡ್ರಿ.
ನೀವೇನು, ಸುಂಕದವರಾ?"
ಹೌದು ಅಂದೆ.
"ಹಂಗಾದ್ರೆ ಸುಖದುಃಖ ಹೇಳಂಗಿಲ್ಲ ಬಿಡ್ರಿ"
ಎಂದು ಸೆರಗು ಕೊಡವಿದಳು. ಎಲ್ಲರೂ ನಕ್ಕರು.
ಆ ನಗೆಯಲ್ಲಿ ನನ್ನ ಪಾಲೆಷ್ಟು, ಲೆಕ್ಕ ಸಿಗಲಿಲ್ಲ.

ಆಮೇಲೆ ಕೇಳಿದ್ದು ಒಂದೇ:
"ಮಿಷನ್‌ಗೆ ಮಾಫಿ ಅಂತೆ.
ಅದೇನು ತಪ್ಪು ಮಾಡಿತ್ತು?"

ಇಪ್ಪತ್ತೆರಡು ವರ್ಷದ ನೌಕರಿ ನನ್ನದು.
ವಿನಾಯಿತಿ, ರಿಯಾಯಿತಿ, ಮನ್ನಾ, ಮಾಫಿ,
ನಾಲ್ಕಕ್ಕೂ ಬೇರೆ ಬೇರೆ ನಮೂನೆ ಬಲ್ಲೆ.
ಇದಕ್ಕೆ ನಮೂನೆ ಇರಲಿಲ್ಲ.
ಹೊಸದು ಬಂದರೆ ಪಟ್ಟಿ ತಾನೇ ಓಡುತ್ತದೆ ಅಂದೆ,
ಆಯಸ್ಕಾಂತ ಕಬ್ಬಿಣವನ್ನೆಲ್ಲ ಎಳೆದುಕೊಳ್ಳುತ್ತದೆ,
ಬಗ್ಗುವುದು ತಪ್ಪುತ್ತದೆ.
"ಬಗ್ಗೋದು ತಪ್ಪಿದ್ರೆ ಕೂಲಿ?"
ಹಿಂದಿನಿಂದ ಯಾರೋ. ಮುಖ ಕಾಣಲಿಲ್ಲ,
ನೀಲಿ ಗುಡ್ಡವೇ ಕೇಳಿದ ಹಾಗೆ.

ಸುಂಕಲಮ್ಮ ನೋಡದೆಯೇ ಚೂರುಗಳೊಳಗೆ ಕೈಯಿಳಿಸಿ
ಒಂದು ಗುಂಡಿ ಕಿತ್ತು ನನ್ನ ಅಂಗೈಗಿಟ್ಟಳು.
"ಹಿತ್ತಾಳೆ ಇದು.
ನಿಮ್ಮ ಆಯಸ್ಕಾಂತಕ್ಕೆ ಕಾಣಂಗಿಲ್ಲ."

ಸಂಜೆ ಕಚೇರಿ. ಫ್ಯಾನಿನ ಗಾಳಿಗೆ
ಹಾಳೆ ಹಾರದಿರಲೆಂದು ಗುಂಡಿ ಇಟ್ಟೆ.
ಹಾಳೆ ಹಾರಿತು, ಗುಂಡಿ ಉರುಳಿತು,
ಮೇಜಿನ ಕೆಳಗೆ ಬಗ್ಗಿ ಹುಡುಕಿದೆ.
(ಸೊಂಟ ಹಿಡಿಯಿತು. ಅವರಿಗೆ ದಿನಕ್ಕೆ ಎಷ್ಟು ಸಾವಿರ ಸಲವೋ.)
ಹದಿನಾಲ್ಕನೇ ಕಲಂ: ಹನ್ನೊಂದು,
ಅಂಕಿಯಲ್ಲೂ ಅಕ್ಷರದಲ್ಲೂ, ತೊಟ್ಟಿಲಿನದು ಬಿಟ್ಟು.
ಅದರ ಕೆಳಗೆ ಯಾರೂ ಕೇಳಿರದ ಒಂದು ಸಾಲು:
ಈ ಸಂಖ್ಯೆ ಇಳಿದ ದಿನ
ವಿನಾಯಿತಿಯೂ ಇಳಿಯತಕ್ಕದ್ದು.

ಮೇಲಿನವರು ಅದನ್ನು ಹೊಡೆದುಹಾಕಬಹುದು.
ಹಸಿರು ಶಾಯಿ ಅವರದು.

ಗುಂಡಿ ಜೇಬಿನಲ್ಲೇ ಮನೆಗೆ ಬಂತು.
ಲಂಚವಲ್ಲ ಅಂದುಕೊಂಡೆ,
ಸುಂಕ ಇರಬೇಕು.
ರಸೀದಿ ಮಾತ್ರ ಕೊಟ್ಟು ಬಂದಿಲ್ಲ.