ಗೇಟಿನ ಪಕ್ಕದ ಹೂ

ವಾರವಿಡೀ ಸ್ಟುಡಿಯೋದಲ್ಲಿ ನನ್ನದು ಒಂದೇ ಮಂತ್ರ:
ಗದ್ದ ಇಳಿಸಿ. ಕಿವಿ ಎರಡೂ ಕಾಣಲಿ. ನಗಬೇಡಿ.
ಭಾನುವಾರ ಬೆಳಿಗ್ಗೆ ಅರಸೀಕೆರೆಯ ಹೊರಗೆ
ಎಸ್ತರಮ್ಮನ ರೈಲ್ವೆ ಗೇಟಿನ ಪಕ್ಕ
ಮೊಣಕಾಲೂರಿ ಕೂತರೆ
ಹೇಳಲು ಏನೂ ಇರುವುದಿಲ್ಲ.

ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿ ಪೆಟೂನಿಯಾ,
ತೂತುಬಿದ್ದ ಬಕೆಟ್ಟಿನಲ್ಲಿ ಕರ್ಣಕುಂಡಲ.
ಪುಷ್ಯದ ಚಳಿಯಲ್ಲಿ ಬಿತ್ತಿದ್ದು,
ಯುಗಾದಿಗೆ ಮುಂಚೆಯೇ ಬಾಯಿ ಬಿಟ್ಟಿವೆ.

ಅಪ್ಪನ ಕಾಲದ ಲೆನ್ಸನ್ನು
ಹಿಂದುಮುಂದಾಗಿ ಸಿಕ್ಕಿಸಿದ್ದೇನೆ;
ಈಗ ಅದಕ್ಕೆ ಮೂರು ಬೆರಳಿನಾಚೆ ಲೋಕವಿಲ್ಲ.
ಪೆಟೂನಿಯಾದ ಗಂಟಲೊಳಗೆ
ನೇರಳೆ ನರಗಳ ಸುರಂಗ.
ಮೀಸೆಗೆ ಹಳದಿ ಪುಡಿ ಮೆತ್ತಿಕೊಂಡ ಇರುವೆ
ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಹಾಗೆ ನಿಂತಿದೆ.

ನಾನು ಉಸಿರು ಹಿಡಿಯುವಷ್ಟರಲ್ಲಿ
ಹೂವಿಗೆ ಮೊದಲು ತಿಳಿಯುತ್ತದೆ:
ಜಲ್ಲಿಯಿಂದ ಡಬ್ಬಕ್ಕೆ, ಮಣ್ಣಿಗೆ, ದಂಟಿಗೆ, ಎಸಳಿಗೆ...
ಶಿವಮೊಗ್ಗದ ಗಾಡಿ ಇನ್ನೂ ಕಾಣದು,
ನೇರಳೆ ಆಗಲೇ ಕಲಸಿಹೋಗಿದೆ.

ಹಸಿರು ಬಾವುಟ ಒಂದು ಕೈಲಿ,
ಬಗ್ಗಿ ಇನ್ನೊಂದರಲ್ಲಿ ದಂಟು ಹಿಡಿದಳು ಎಸ್ತರಮ್ಮ:
"ತಗೋ ಬೇಗ. ಅಲ್ಲಾಡಲ್ಲ."

ಹದಿನೇಳು ಬೋಗಿ.

ರಾತ್ರಿ ದೊಡ್ಡದು ಮಾಡಿ ನೋಡಿದೆ.
ಇರುವೆ ಜಾಗ ಖಾಲಿ ಮಾಡಿದೆ,
ಎಸಳು ಬರೀ ಬಣ್ಣದ ಮಂಜು.
ಚೊಕ್ಕವಾಗಿ ಬಂದದ್ದು ಅಂಚಿನಲ್ಲಿ ಅವಳ ಹೆಬ್ಬೆರಳು:
ಉಗುರಿನ ಸಂದಿಗೆ ಕೆಮ್ಮಣ್ಣು, ಗೇಟಿನ ಗ್ರೀಸು,
ಗೆಣ್ಣಿನ ಮೇಲೆ ಎಂದೋ ಸುಟ್ಟ ಗೆರೆ,
ಅದಕ್ಕಂಟಿದ ಒಂದೇ ಒಂದು ಪರಾಗದ ಕಾಳು.

ಮುಂದಿನ ವಾರ ಪ್ರಿಂಟು ಕೊಟ್ಟೆ.
ತಿರುಗಿಸಿ ಮುರುಗಿಸಿ ನೋಡಿ ಅಂದಳು:
"ಮೊದಲೇ ಹೇಳಬಾರದೇನೋ,
ಉಗುರಾದರೂ ತೆಗೀತಿದ್ದೆ."