ಬಿಟ್ಟು

ಕೆಂಪು ಡಬ್ಬಿಯೊಳಗೆ ಇಪ್ಪತ್ತೊಂಬತ್ತು ಬಿಟ್ಟು,
ಒಂದಕ್ಕಿಂತ ಒಂದು ದಪ್ಪ, ಎಲ್ಲಕ್ಕೂ ಚಿನ್ನದ ಬಣ್ಣ.
ಕಾಸ್ಟ್ರೊ ಪೇಟೆಯಿಂದ ಬಸ್ಸಿನಲ್ಲಿ
ಮಡಿಲಲ್ಲಿಟ್ಟು ತಂದೆ. ಕಡವು ದಾಟುವಾಗ ಒಮ್ಮೆ,
ಅಚಾವೊ ಬಂದಾಗ ಒಮ್ಮೆ
ಮುಚ್ಚಳ ತೆಗೆದು ನೋಡಿದೆ.
ಅಷ್ಟು ಅಗ್ಗಕ್ಕೆ ಅಷ್ಟು ಚಿನ್ನ!

ಚಿನ್ನ ಹೋದದ್ದು ಮೊದಲ ಸ್ಟೂಲಿನಲ್ಲೇ.

ಲೂಮಾ ನಮ್ಮ ದ್ವೀಪದ ಹಟಮಾರಿ ಮರ.
ನೀರಿಗೆ ಹಾಕಿದರೆ ಮುಳುಗುತ್ತದೆ,
ಒಲೆಗೆ ಹಾಕಿದರೆ ಬೆಳಗಿನವರೆಗೂ ಕೆಂಡ.
ಎಂಟು ಮಿಲಿಮೀಟರಿನದನ್ನು ಸಿಕ್ಕಿಸಿ ಒತ್ತಿದೆ.
ಜಾರಿತು, ನಡುಗಿತು, ಪೆನ್ಸಿಲ್ಲಿನ ಗುರುತು ಬಿಟ್ಟು
ಬೆರಳಗಲ ಆಚೆ ಕೊರೆಯಿತು.
ಸುರುಳಿ ಬರಬೇಕಾದಲ್ಲಿ ಕಪ್ಪು ಹುಡಿ,
ಸುಟ್ಟ ರೊಟ್ಟಿಯ ವಾಸನೆ.

ದೋಣಿ ಕಟ್ಟುವ ದೋನ್ ಆರ್ತೆಮಿಯೊ ಬಾರ್ರಿಯಾ
ಬೇಲಿಯಾಚೆಯಿಂದ ಮೂಸಿ ನೋಡಿ ಬಂದ.
ನಗಲಿಲ್ಲ. ಡಬ್ಬಿ ತೆರೆದು ಕೇಳಿದ:
‘ಇದರಲ್ಲಿ ಎಷ್ಟು ದುಡಿಯುತ್ತವೆ?’
ಎಣಿಸಿದೆ. ಮೂರು, ಐದು, ಎಂಟು.
ಮಿಕ್ಕ ಇಪ್ಪತ್ತಾರು, ಮದುವೆ ಮುಗಿದರೂ
ಹೊರಡದ ನೆಂಟರು.
‘ಸವೆದದ್ದನ್ನಷ್ಟೇ ಒಳ್ಳೆಯದಕ್ಕೆ ಬದಲಿಸು.
ಮೂರನ್ನು ಮಾತ್ರ ಅಗ್ಗದ್ದೇ ತಗೋ, ಹತ್ತು ತಗೋ.
ಎಷ್ಟು ದುಬಾರಿಯದಾದರೂ ಅದು ಮುರಿಯುತ್ತೆ.’

ಕಡವಿನ ಕಿಟಕಿಯಲ್ಲಿ ಟಿಕೆಟ್ ಹರಿಯುವವಳು ನಾನು.
ಚಿಲ್ಲರೆ ಬೇಡವೆಂದವರ ಚಿಲ್ಲರೆ
ಕಾಫಿಪುಡಿ ಡಬ್ಬಿಗೆ.
ಆಗಸ್ಟಿನಲ್ಲಿ ಎಂಟು ಬಂತು.
ಒಂದೇ ಒಂದು, ಎಣ್ಣೆಕಾಗದದಲ್ಲಿ ಸುತ್ತಿ.
ನಡುವೆ ಮುಳ್ಳು, ಅಂಚಿಗೆ ಎರಡು ಚೂಪು ಕಿವಿ,
ಮೇಲಿಂದ ನೋಡಿದರೆ ಬೆಕ್ಕಿನ ಮುಖ.
ಮುಳ್ಳು ಇಟ್ಟಲ್ಲೇ ಕೂತಿತು.
ಕಿವಿಗಳು ಮೊದಲು ಗೆರೆ ಕೊಯ್ದವು, ಆಮೇಲೆ
ಲೂಮಾ, ಆ ಲೂಮಾ,
ಸೇಬಿನ ಸಿಪ್ಪೆಯ ಹಾಗೆ ಎದ್ದು ಬಂತು.
ಆ ಸಂಜೆ ಬೇಡದಿದ್ದರೂ ನಾಲ್ಕು ತೂತು ಕೊರೆದೆ.

ಅಕ್ಟೋಬರಿನಲ್ಲಿ ಐದು.

ಸ್ಟೂಲಿನ ಕಾಲಿಗೆ ಇಪ್ಪತ್ತೈದರದೊಂದು ಬೇಕು.
ಕಾರ್ಕಮೊ ಅಂಗಡಿಯ ಸುನಿಲ್ದಾ ಗಾಜಿನ ಪೆಟ್ಟಿಗೆ ತೆರೆದು
ಅಂಗೈ ಮೇಲಿಟ್ಟಳು: ನಾಣ್ಯದಂಥ ತಲೆ, ಸುತ್ತ ಅಲಗು.
ತೂಕವಿತ್ತು. ಬೆಲೆಗೂ ಇತ್ತು.
ಕಾಫಿಪುಡಿ ಡಬ್ಬಿ ಮೂರು ಸಲ ತುಂಬಬೇಕು.
‘ಎತ್ತಿಡಲಾ?’ ಅಂದಳು.
ಅವಳ ಕೈಗೇ ಬಿಟ್ಟು ಬಂದೆ.

ಮನೆಯಲ್ಲಿದ್ದದ್ದು ಸಲಿಕೆಮೂತಿಯದು,
ಮೀನು ಹೆಚ್ಚುವ ಚೂರಿಗಿಂತ ಅಗ್ಗ.
ಮೇಲೆ ಚೆಂದವಾಗಿ ಹೊಕ್ಕು
ಕೆಳಗೆ ನಾಯಿ ಕಚ್ಚಿದಂತೆ ಸಿಬಿರೆಬ್ಬಿಸುತ್ತಿತ್ತು.
ಆರ್ತೆಮಿಯೊ ಅರ ತಂದು ಅದರ ಅಂಚು ಉಜ್ಜಿಕೊಟ್ಟ.
‘ಆಚೆ ಬದಿಗೆ ಮೊನೆ ಇಣುಕುತ್ತಲೇ ನಿಲ್ಲಿಸು.
ಹಲಗೆ ಮಗುಚು. ಇಣುಕಿದ ಕಡೆಯಿಂದ ಕೊರೆ.’
ಅಷ್ಟೆ.
ಬೆರಳಾಡಿಸಿದೆ. ಎರಡೂ ಬಾಯಿ ನುಣುಪು.
ಅರವತ್ತು ವರ್ಷ ದೋಣಿ ಕಟ್ಟಿದ್ದು
ಒಂದು ಪೆಸೊ ಕೇಳದೆ
ನನ್ನ ಕೈಗೆ ಬಂದಿತ್ತು. ಬದಲಿಗೆ ಒಂದು ಸ್ಟೂಲು ಕೊಟ್ಟೆ.
ಒಂದು ಕಾಲು ಗಿಡ್ಡ. ಈಗಲೂ ಅದರ ಮೇಲೇ ಕೂರುತ್ತಾನೆ.

ಇವತ್ತು ತಂಗಿಯ ಮಗಳು ಯಾನಿರಾ,
ಒಂಬತ್ತು ವರ್ಷ, ಹಕ್ಕಿಗೊಂದು ಮನೆ ಮಾಡಬೇಕಂತೆ.
ಡಬ್ಬಿ ತೆರೆದು ಕೊಟ್ಟೆ. ಮಸಿ ಹಿಡಿದ
ಮೂರನ್ನೂ ದಾಟಿ ಅವಳ ಬೆರಳು
ಒಂಬತ್ತೂವರೆಗೆ ಹೋಯಿತು.
ಯಾರೂ ಮುಟ್ಟದ್ದು, ತಂದ ದಿನದಂತೆಯೇ ಹೊಳೆಯುವುದು.
‘ಎಲ್ಲಕ್ಕಿಂತ ಒಳ್ಳೇದು ಇದು ಅಲ್ವಾ?’

ಅವಳ ಹಲಗೆ ಮಾನಿಯೊ, ಬೆಣ್ಣೆಯಂಥ ಮರ.
ಚಿನ್ನ ಅದರೊಳಗೆ ಸರಾಗ ಇಳಿಯಿತು.
ಹೊಟ್ಟು ಅವಳ ಬೂಟಿನ ಮೇಲೆ ಉದುರಿತು,
ಬೆಳಕು ಆಚೆಯಿಂದ ತೂತಿನಲ್ಲಿ ಬಂತು.
ಹಕ್ಕಿಗೆ ಬಾಗಿಲು ಸಣ್ಣದಾಯಿತೇನೊ.
ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ.