ತುಳಸಿ ಮಾಸ್ತರನ ಹಸಿರು

ನನ್ನ ಕುತ್ತಿಗೆಗೆ ಹಸಿರು ಬಳಿದವನು
ಸೀಗೆಹಟ್ಟಿಯ ಪೇಂಟರ್ ಗೌಸ್ ಪೀರ್.
ಶಿವಮೊಗ್ಗದ ಸೈನ್ಸ್ ಮೈದಾನದಲ್ಲಿ ನಮ್ಮ ಕಂಪನಿ
ತಗಡಿನ ಥೇಟರು ಕಟ್ಟಿದ ವರ್ಷ.
ರಾತ್ರಿಗೆ ಎರಡು ಆಟ. ಎರಡನೆಯದು ಮುಗಿಯುವಾಗ
ದುರ್ಗಿಗುಡಿಯ ಹಾಲಿನವರು ಸೈಕಲ್ ಹತ್ತುತ್ತಿದ್ದರು.

ಅವನಿಗೆ ಹೇಳಿದ್ದು ಬೋರ್ಡು ಬರೆಯಲಿಕ್ಕೆ:
ನಗುವ ಮುಖ, ಗುಲಾಬಿ ಗಲ್ಲ, ಕೆಳಗೆ ದಪ್ಪಕ್ಷರದಲ್ಲಿ
‘ಮಿಸ್ ಪದ್ಮಲತಾ ಅವರ ಮನಮೋಹಕ ನೃತ್ಯ’.
ಅವನು ಸೈಡ್ ವಿಂಗಿನ ಹಿಂದೆ
ಬಿಸ್ಕತ್ತಿನ ಖಾಲಿ ಡಬ್ಬದ ಮೇಲೆ ಕೂತು
ಬೀಡಿ ಕಟ್ಟಿನ ಕಾಗದದಲ್ಲಿ ಗೀಚುತ್ತಿದ್ದ,
ನಾನು ಕುಣಿಯುವಾಗ ಅಲ್ಲ,
ಕುಣಿದು ಬಂದು ಗೆಜ್ಜೆ ಬಿಚ್ಚುವಾಗ.

“ಏನ್ರೀ ಇದು, ಪಾಚಿ ಕಟ್ಟಿದೆಯಾ ನನಗೆ?”
“ಇಲ್ಲಮ್ಮ. ನಿಮಗೆ ಬೆಳಕು ಕೆಳಗಿಂದ ಬರುತ್ತೆ.
ಸೂರ್ಯ ಮೇಲಿಂದ ನೋಡೋ ಜನಕ್ಕೆ ಗುಲಾಬಿ.
ಫುಟ್‌ಲೈಟಿನ ಜನಕ್ಕೆ ಹಸಿರೇ.”
ಆಮೇಲೆ ಬಾಯಿಬಿಟ್ಟ, ಮಾತು ಅವನ ಸ್ವಂತದ್ದಲ್ಲವಂತೆ.

ಲೈಬ್ರರಿಯಲ್ಲೊಂದು ಪುಸ್ತಕ, ಅರ್ಧ ಹಾಳೆ ಅಂಟಿಕೊಂಡದ್ದು.
ಅದರಲ್ಲಿ ಪ್ಯಾರಿಸ್ಸಿನ ಒಬ್ಬ, ನೂರು ವರ್ಷದ ಹಿಂದಿನವನು.
ಹುಡುಗನಿದ್ದಾಗ ಎರಡೂ ತೊಡೆ ಮುರಿದು
ಕಾಲು ಅಲ್ಲಿಗೇ ಬೆಳೆಯುವುದನ್ನು ಬಿಟ್ಟವು.
ದೊಡ್ಡ ಮನೆತನ, ಕುದುರೆ, ಬೇಟೆ ಎಲ್ಲ ಆಚೆಗಿಟ್ಟು
ಕುಣಿತದ ಹಾಲಿನ ಮೂಲೆ ಮೇಜು ಹಿಡಿದು ಕೂತ.
ಕುಡಿದ. ಬರೆದ. ಕುಡಿದ.
ಹೆಸರು ತುಲೂಸ್ ಏನೋ; ಅದರ ಬಾಲ
ಗೌಸ್‌ನ ನಾಲಿಗೆಗೆ ಹೊರಳದು.
ನಮ್ಮ ಹಾರ್ಮೋನಿಯಂ ಮುರಿಗೆಪ್ಪ ಅವನನ್ನು
ತುಳಸಿ ಮಾಸ್ತರ ಮಾಡಿಬಿಟ್ಟ.
ಆಮೇಲೆ ಕಂಪನಿಯಲ್ಲಿ ಯಾವ ಬಣ್ಣ ಕೆಟ್ಟರೂ
“ತುಳಸಿ ಮಾಸ್ತರ ಬಂದಿದ್ದನೇನೋ!”

“ಅವನು ಯಾರ ಹತ್ತಿರ ಕಲಿತ?” ಕೇಳಿದೆ ಒಂದು ರಾತ್ರಿ.
“ಜಪಾನಿನವರ ಹತ್ತಿರ.”
“ಹೋಗಿದ್ದನಾ ಅಲ್ಲಿಗೆ?”
“ಇಲ್ಲ, ಚಿತ್ರಗಳೇ ಹಡಗು ಹತ್ತಿ ಬಂದವು. ಮರದಚ್ಚಿನವು.
ನೆರಳಿಲ್ಲ. ಕೆಂಪು ಅಂದರೆ ಬರೀ ಕೆಂಪು,
ರಂಗೋಲಿಗೆ ಪುಡಿ ತುಂಬಿದ ಹಾಗೆ. ಸುತ್ತ ಒಂದೇ ಗೆರೆ.
ಗೆರೆಗೆ ಅನುಮಾನ ಇರಬಾರದು.
ಅಂಚಿನಲ್ಲಿ ಯಾರದೋ ಕೈ ತುಂಡಾದರೆ ಆಗಲಿ,
ಬದುಕು ಚೌಕಟ್ಟು ನೋಡಿ ನಿಲ್ಲುತ್ತದಾ?”
ಅದೇ ಊರಿನಲ್ಲಿ ಇನ್ನೊಬ್ಬ ಹಿರಿಯನಿದ್ದನಂತೆ,
ಕುಣಿಯುವ ಹುಡುಗಿಯರು ಬೆನ್ನು ತುರಿಸಿಕೊಳ್ಳುವುದನ್ನು ಬರೆದವನು;
ಅವನಿಂದಲೂ ಅಷ್ಟಿಷ್ಟು ಕದ್ದ.
“ಕದಿಯದೆ ಯಾವ ಕೈಯೂ ಪಳಗಲ್ಲಮ್ಮ.
ನೀವು ಆ ಸೊಂಟದ ತಿರುವು ಯಾರಿಂದ ತಂದಿರಿ?”

ಸುಮ್ಮನಾದೆ.
ದಾವಣಗೆರೆ ಕ್ಯಾಂಪಿನಲ್ಲಿ ಜ್ವರ ಬಂದು ಹೋದ
ರತ್ನಾಬಾಯಕ್ಕನ ಸೊಂಟ ಅದು.

ಕೊನೆಗೆ ಬೋರ್ಡು ಬಂತು.
ರಟ್ಟಿನ ಕಂದು ಹಾಗೇ ಬಿಟ್ಟಿದ್ದ, ಅದೇ ನನ್ನ ಮೈ.
ಎದುರಿಗೆ ಮುರಿಗೆಪ್ಪನ ಮೂಗು, ಬೂದಿ ಬಣ್ಣದ್ದು, ನನಗಿಂತ ದೊಡ್ಡದು.
ಹಿಂದೆ ಪ್ರೇಕ್ಷಕರು: ಕಪ್ಪು. ಬರೀ ಟೋಪಿ, ಮಫ್ಲರು, ಕಿವಿ.
ಹಲ್ಲುಜ್ಜುವ ಬ್ರಷ್ಷಿನಿಂದ ಬಣ್ಣ ಸಿಡಿಸಿ
ಬೀಡಿಯ ಹೊಗೆ ಎಬ್ಬಿಸಿದ್ದ.
ನಡುವೆ ನಾನು ಒಂದು ಕಾಲೆತ್ತಿ
ಆಕಳಿಸುತ್ತಿದ್ದೆ.

ಮಾಲೀಕ ಸಿದ್ರಾಮಣ್ಣ ಎಗರಿದ:
“ಜನ ಟಿಕೆಟ್ ತಗೊಳ್ಳೋದು ಇವಳ ನಗು ನೋಡೋಕೆ.
ಆಕಳಿಕೆ ಅವರವರ ಮನೇಲೇ ಇದೆ!”
ಕೂಲಿ ಕೊಡಲಿಲ್ಲ. ಗೌಸ್ ಹಟಕ್ಕೆ ಬಿದ್ದು
ಅದನ್ನೇ ಕಾಗದಕ್ಕಿಳಿಸಿ ಏಳೆಂಟು ಪ್ರತಿ
ಗೋಪಿ ಸರ್ಕಲ್ಲಿನಿಂದ ತುಂಗೆಯ ಸೇತುವೆಯವರೆಗೆ ಅಂಟಿಸಿದ.
ಬೆಳಗ್ಗೆ ನೋಡಲು ಹೋದರೆ
ಮೈದಾ ಅಂಟಿನ ರುಚಿಗೆ ಒಂದು ಬೀಡಾಡಿ ದನ
ನನ್ನ ಹಸಿರು ಕುತ್ತಿಗೆ ಮೇಯುತ್ತಿತ್ತು.
ಹೊಟ್ಟೆ ಹಿಡಿದು ನಕ್ಕೆ. ಬೋರ್ಡಿಗೆ ಬೇಕಿದ್ದ ನಗು ಅದು;
ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಈಗ ಶಾಲೆಗಳ ವಾರ್ಷಿಕೋತ್ಸವಕ್ಕೆ ಮೇಕಪ್ಪು ಮಾಡುತ್ತೇನೆ.
ಮೊನ್ನೆ ಡ್ರಾಯಿಂಗ್ ಟೀಚರು ಮೊಬೈಲಿನಲ್ಲಿ ತೋರಿಸಿದಳು,
ತುಳಸಿ ಮಾಸ್ತರ ಬರೆದ ಒಬ್ಬಳು: ಕುಣಿತ ಮುಗಿಸಿ
ಕೋಟು ತೊಟ್ಟು ಹೊರಟಿದ್ದಾಳೆ, ಕಣ್ಣು ನೆಲಕ್ಕೆ.
ರಟ್ಟು ಹಾಗೇ ಕಾಣುತ್ತಿದೆ.
ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ಟೀಚರು ಗೆರೆ, ಬಣ್ಣ, ಏನೇನೋ ವಿವರಿಸುತ್ತಿದ್ದಳು.
ನಾನು ಕೇಳಿದ್ದು ಇಷ್ಟೇ:
“ಇವಳಿಗೆ ಆ ರಾತ್ರಿ ಸಂಬಳ ಕೊಟ್ಟರಾ?”